ಬ್ಲ್ಯಾಕ್ ಕೀಸ್‌ನ ‘ನೋ ರೈನ್, ನೋ ಫ್ಲವರ್ಸ್’ಗೆ ಯಾಕಿಷ್ಟು ಬೈಗುಳ? ವಿಮರ್ಶಕರು ಒಂದು ಹೇಳ್ತಾರೆ, ಫ್ಯಾನ್ಸ್ ಇನ್ನೊಂದು

ಸಂಜೆರೇಡಿಯೋ

ಅಮೆರಿಕದ ಬ್ಲೂಸ್ ರಾಕ್ ಜೋಡಿ ಬ್ಲ್ಯಾಕ್ ಕೀಸ್ (ಹಾಡು, ಗಿಟಾರ್ ಡ್ಯಾನ್ ಆವರ್‌ಬ್ಯಾಕ್, ಡ್ರಮ್ಸ್ ಪ್ಯಾಟ್ರಿಕ್ ಕಾರ್ನಿ) ಕೇಳೋರು ಇಲ್ಲಿ ಸುಮಾರು ಜನ ಇದೀರ, ಅದಕ್ಕೇ ಇಲ್ಲಿ ಕೇಳ್ತಿದೀನಿ. 2025ರ ಆಗಸ್ಟ್‌ನಲ್ಲಿ ಬಂತಲ್ಲ ಅವ್ರ ಆಲ್ಬಮ್ ‘ನೋ ರೈನ್, ನೋ ಫ್ಲವರ್ಸ್’, ನಂಗದು ನಿಜವಾಗ್ಲೂ ಇಷ್ಟ ಆಯ್ತು. ಹನ್ನೊಂದು ಹಾಡು, ಎಲ್ಲೂ ಎಳೆದಾಡಲ್ಲ, ಟ್ಯೂನು ತಲೇಲಿ ಕೂತ್ಕೊಳ್ಳುತ್ತೆ, ಡ್ಯಾನ್ ಆವರ್‌ಬ್ಯಾಕ್ ದನಿ ಇನ್ನೂ ಗಟ್ಟಿಯಾಗಿದೆ. ನಾನು ‘ಎಲ್ ಕಮಿನೋ’ ಆಲ್ಬಮ್ ಕಾಲದಲ್ಲಿ ಇವ್ರನ್ನ ಕೇಳಕ್ಕೆ ಶುರು ಮಾಡ್ದೋನು, ಅದಕ್ಕಿಂತ ಹಿಂದಿನದ್ದು ಅಲ್ಲೊಂದು ಇಲ್ಲೊಂದು ಕೇಳಿದೀನಿ ಅಷ್ಟೇ.

ಆದ್ರೆ ಕೇಳಾದ್ಮೇಲೆ ಬೇರೆಯೋರು ಏನಂತಾರೆ ನೋಡೋಣ ಅಂತ ಹೋದ್ರೆ ತಲೆ ಕೆಟ್ಟೋಯ್ತು. ವಿಮರ್ಶಕರಲ್ಲಿ ಅರ್ಧ ಜನ ‘ಸೊಗಸಾಗಿದೆ, ಹಾಯಾಗಿದೆ, ಬೇಸಿಗೇಲಿ ಕೇಳಕ್ಕೆ ಚೆನ್ನ’ ಅನ್ನೋ ತರ ಬರ್ದಿದಾರೆ, ಇನ್ನರ್ಧ ಜನ ‘ಸೇಫ್ ಆಟ, ರಿಸ್ಕೇ ತಗೊಂಡಿಲ್ಲ’ ಅಂತಾರೆ. ಕೇಳುಗರ ಕಡೆ ಬಂದ್ರೆ ಅಲ್ಲಂತೂ ಜಗಳಾನೇ. ಒಬ್ರು ಬ್ಯಾಂಡ್ ಸತ್ತೋಯ್ತು ಅಂತಾರೆ, ಅದರ ಕೆಳಗೇ ಇನ್ನೊಬ್ರು ‘ಬ್ರದರ್ಸ್’ ಆಲ್ಬಮ್ ಆದ್ಮೇಲೆ ಇದೇ ಬೆಸ್ಟು ಅಂತಾರೆ. ಇಬ್ರೂ ಒಂದೇ ಆಲ್ಬಮ್ ಕೇಳಿದಾರಾ ಅಂತ್ಲೇ ಡೌಟು ಬರುತ್ತೆ.

ನನ್ ಪ್ರಶ್ನೆ ಇಷ್ಟೇ. ಈ ಬೈಗುಳದಲ್ಲಿ ಮ್ಯೂಸಿಕ್ ಬಗ್ಗೆ ಎಷ್ಟು, ‘ನಮ್ ಕಾಲದಲ್ಲಿ ಹಂಗಿತ್ತು’ ಅನ್ನೋ ಹಳೇ ರಾಗ ಎಷ್ಟು? ಬ್ಲೂಸ್ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ರಪ್ಪ. ಸುಮ್ನೆ ‘ಮೊದಲಿನ ತರ ಇಲ್ಲ’ ಅಂದ್ರೆ ನಂಗೇನೂ ತಿಳಿಯಲ್ಲ.

ಹಳೇಟೇಪು

ಹಳೇ ರಾಗ ಅಂತ ಮೊದಲೇ ಹೆಸರಿಟ್ಟುಬಿಟ್ರಲ್ಲ ಗುರುಗಳೇ, ಇನ್ನು ನಾವೇನು ಹೇಳಿದ್ರೂ ಅದೇ ಲೆಕ್ಕಕ್ಕೆ ಹೋಗುತ್ತೆ. ಇರ್ಲಿ, ಹೇಳ್ತೀನಿ.

ಈ ಇಬ್ರೂ ಓಹಾಯೋದ ಆಕ್ರನ್ ಊರಿನೋರು, ಟೈರ್ ಫ್ಯಾಕ್ಟರಿಗಳ ಊರು ಅದು. 2001ರಲ್ಲಿ ಬ್ಯಾಂಡ್ ಶುರು ಆಯ್ತು. ಪ್ಯಾಟ್ರಿಕ್ ಕಾರ್ನಿ ಹತ್ರ ರೆಕಾರ್ಡಿಂಗ್ ಸಾಮಾನಿತ್ತು, ಡ್ಯಾನ್ ತನ್ ಬ್ಯಾಂಡ್ ಕರ್ಕೊಂಡು ಡೆಮೋ ಮಾಡಕ್ಕೆ ಅಂತ ಹೋಗ್ಬೇಕಿತ್ತು, ಉಳಿದೋರು ಯಾರೂ ಬರ್ಲೇ ಇಲ್ಲ, ಸರಿ ಇಬ್ರೇ ಕೂತು ಬಾರಿಸಿದ್ರು, ಹಿಂಗೆ ಹುಟ್ಟಿದ್ದು ಅಂತ ಅವ್ರೇ ಹೇಳ್ಕೊಂಡಿರೋ ಕತೆ. ಎರಡನೇ ಆಲ್ಬಮ್ ‘ಥಿಕ್‌ಫ್ರೀಕ್‌ನೆಸ್’ 2003ರಲ್ಲಿ ಬಂತು. ಕಾರ್ನಿ ಮನೆ ನೆಲಮಾಳಿಗೇಲಿ, ಎಂಟು ಟ್ರ್ಯಾಕಿನ ಹಳೇ ಟೇಪ್ ಮಷೀನಲ್ಲಿ, ಒಂದೇ ಸಲ ಕೂತು ಹದಿನಾಲ್ಕು ಗಂಟೇಲಿ ಮುಗಿಸಿದ್ದು. ಮುಂದಿನ ವರ್ಷದ ‘ರಬ್ಬರ್ ಫ್ಯಾಕ್ಟರಿ’ ಹೆಸರು ಸುಮ್ನೆ ಇಟ್ಟಿದ್ದಲ್ಲ, ಮುಚ್ಚಿಹೋಗಿದ್ದ ಟೈರ್ ಕಾರ್ಖಾನೆ ಒಳಗೇ ರೆಕಾರ್ಡ್ ಮಾಡಿದ್ರು. ಆ ಕಟ್ಟಡಾನೂ ಈಗಿಲ್ಲ, ಕೆಡವಿದಾರೆ.

ಈ ಕತೆ ಎಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಬಡತನದ ಸೌಂಡೇ ಸೌಂಡು ಅಂತ ವಾದ ಮಾಡಕ್ಕಲ್ಲ. ಇವ್ರ ಬೇರು ಎಲ್ಲಿದೆ ನೋಡಿ. ಉತ್ತರ ಮಿಸಿಸಿಪ್ಪಿಯ ಹಿಲ್ ಕಂಟ್ರಿ ಬ್ಲೂಸ್. ಜೂನಿಯರ್ ಕಿಂಬ್ರೋ, ಆರ್.ಎಲ್. ಬರ್ನ್‌ಸೈಡ್ ಇವ್ರದ್ದೆಲ್ಲ ಕೇಳಿ. ಸಾಮಾನ್ಯ ಬ್ಲೂಸ್‌ನಲ್ಲಿ ಹನ್ನೆರಡು ಬಾರ್ (ತಾಳದ ಸುತ್ತು) ಲೆಕ್ಕ ಇರುತ್ತೆ, ಒಂದು, ನಾಲ್ಕು, ಐದು ಅಂತ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬದಲಾಗುತ್ತೆ. ಇಲ್ಲಿ ಎಷ್ಟೋ ಹಾಡಲ್ಲಿ ಅದೇ ಇಲ್ಲ. ಒಂದೇ ಕಾರ್ಡಿನ ಮೇಲೆ ಕೂತ್ಬಿಡ್ತಾರೆ, ಹೆಬ್ಬೆರಳು ಕೆಳಗಿನ ತಂತಿ ಬಿಡಲ್ಲ, ಶ್ರುತಿ ಹಿಡಿದಂಗೆ ಹಿಡ್ಕೊಂಡಿರುತ್ತೆ, ಮೇಲೆ ರಿಫ್, ಅಂದ್ರೆ ಗಿಟಾರ್‌ನ ಒಂದು ಚಿಕ್ಕ ತುಣುಕು, ಸುತ್ತಿ ಸುತ್ತಿ ಬರುತ್ತೆ. ಯಾವಾಗ ತಿರುಗ್ಬೇಕು ಅನ್ನೋದು ಹಾಡೋನ ಮರ್ಜಿ. ಕುಣಿಯಕ್ಕೆ ಅಂತ ಇರೋ ಮ್ಯೂಸಿಕ್ ಅದು. ಕಿಂಬ್ರೋಗೆ ಚುಲಾಹೋಮಾ ಅನ್ನೋ ಊರಿನ ಹತ್ರ ಸ್ವಂತ ಜೂಕ್ ಜಾಯಿಂಟೇ (ಕುಡಿಯೋ, ಕುಣಿಯೋ ಅಡ್ಡೆ) ಇತ್ತು. 1998ರಲ್ಲಿ ತೀರ್ಕೊಂಡ್ರು, 2000ದಲ್ಲಿ ಆ ಜಾಗಕ್ಕೆ ಬೆಂಕಿ ಬಿದ್ದು ಸುಟ್ಟೋಯ್ತು. 2006ರಲ್ಲಿ ಇವ್ರು ಕಿಂಬ್ರೋ ಹಾಡುಗಳನ್ನೇ ಹಾಡಿ ‘ಚುಲಾಹೋಮಾ’ ಅಂತ ಒಂದು ಚಿಕ್ಕ ರೆಕಾರ್ಡ್ ತಂದ್ರು, ಕೊನೇಲಿ ಕಿಂಬ್ರೋ ಹೆಂಡ್ತಿ ಫೋನಲ್ಲಿ ಬಿಟ್ಟ ಮೆಸೇಜನ್ನ ಹಂಗೇ ಇಟ್ಟಿದಾರೆ. ಆ ಹೆಂಗಸು ಇವ್ರ ಆಟ ಮೆಚ್ಕೊಂಡು ಮಾತಾಡೋದು ಕೇಳಿದ್ರೆ ಯಾವ ವಿಮರ್ಶೆನೂ ಬೇಡ ಅನ್ಸುತ್ತೆ.

ಈಗ ಈ ಹೊಸ ಆಲ್ಬಮ್‌ಗೆ ಬನ್ನಿ. ಹಾಡು ಬರೆಯಕ್ಕೆ ಕೂರಿಸ್ಕೊಂಡಿರೋದು ರಿಕ್ ನೋವೆಲ್ಸ್, ಡ್ಯಾನಿಯಲ್ ಟಾಶಿಯನ್, ಸ್ಕಾಟ್ ಸ್ಟಾರ್ಚ್. ಮೂರೂ ಜನ ದೊಡ್ಡ ಕಸುಬುದಾರರೇ, ಇಲ್ಲ ಅನ್ನಲ್ಲ. ನೋವೆಲ್ಸ್ ಎಂಬತ್ತರ ದಶಕದಿಂದ ಪಾಪ್ ಹಿಟ್ ಬರೀತಿರೋ ಮನುಷ್ಯ. ಸ್ಟಾರ್ಚ್ ಹಿಪ್‌ಹಾಪ್‌ನ ಡಾ. ಡ್ರೇ ಜೊತೆ ಕೀಬೋರ್ಡ್ ನುಡಿಸಿದೋನು. ಟಾಶಿಯನ್ ಕಂಟ್ರಿ ಗಾಯಕಿ ಕೇಸಿ ಮಸ್‌ಗ್ರೇವ್ಸ್‌ನ ‘ಗೋಲ್ಡನ್ ಅವರ್’ ಪ್ರೊಡ್ಯೂಸ್ ಮಾಡಿದೋರಲ್ಲಿ ಒಬ್ಬ. ಆದ್ರೆ ಇವ್ರ ಹಾಡು ಕಟ್ಟೋ ರೀತಿನೇ ಬೇರೆ. ವರ್ಸ್ (ಚರಣ), ಅದಾದ್ಮೇಲೆ ಏರಿಸಕ್ಕೆ ಒಂದು ತುಂಡು, ಆಮೇಲೆ ಕೋರಸ್ (ಪಲ್ಲವಿ), ಆಮೇಲೆ ಬ್ರಿಡ್ಜ್ (ಮಧ್ಯೆ ದಾರಿ ಬದಲಿಸೋ ತುಂಡು). ಎಲ್ಲಾ ಜಾಗದಲ್ಲೂ ಮುಂದೇನು ಬರುತ್ತೆ ಅಂತ ಮೊದಲೇ ಗೊತ್ತಾಗುತ್ತೆ. ವಿಮರ್ಶಕ ಕ್ಯಾಚಿ ಅಂತಾನೆ, ನಾವು ಪ್ಲಾಸ್ಟಿಕ್ ಅಂತೀವಿ. ಇಬ್ರೂ ತೋರಿಸ್ತಿರೋದು ಅದೇ ಜಾಗಾನೇ.

ಲಯದೋಷ

ಹಳೇಟೇಪು ಅವ್ರು ಗಿಟಾರ್ ಕಡೆಯಿಂದ ಹೇಳಿದ್ರು, ನಾನು ಡ್ರಮ್ಸ್ ನುಡಿಸೋನು, ನನ್ ಕಡೆಯಿಂದ ಹೇಳ್ತೀನಿ. ಈ ಜಗಳದಲ್ಲಿ ಎಲ್ರೂ ಪಾಲಿಶ್, ಪಾಲಿಶ್ ಅಂತ ಕೂಗ್ತಿದಾರೆ, ನನ್ ಪ್ರಕಾರ ಪಾಲಿಶ್ ಅಲ್ಲ ತೊಂದ್ರೆ.

ಮೊದಲು ಇವ್ರಿಬ್ರೇ, ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ನುಡಿಸೋರು ಇರ್ಲಿಲ್ಲ. ಅಂಥ ಬ್ಯಾಂಡ್‌ನಲ್ಲಿ ಏನಾಗುತ್ತೆ ಅಂದ್ರೆ, ಗಿಟಾರ್‌ನೋನು ಎರಡು ಆಳಿನ ಕೆಲಸ ಮಾಡ್ಬೇಕು. ರಿಫ್ಫನ್ನ ದಪ್ಪ ತಂತಿಗಳಲ್ಲೇ ನುಡಿಸ್ಬೇಕು, ಅದಕ್ಕೆ ಫಜ್ ಪೆಡಲ್ ಹಾಕಿದ್ರೆ ಒಂದೊಂದು ಸ್ವರಾನೂ ಒಡೆದು ಹರಡ್ಕೊಂಡು ಅಗಲ ಆಗುತ್ತೆ, ಬೇಸ್ ಇಲ್ಲ ಅನ್ನೋದು ಕಿವಿಗೆ ಗೊತ್ತಾಗಲ್ಲ. ಕಿಕ್ ಡ್ರಮ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಅದೇ ರಿಫ್ ಜೊತೆ ಅಂಟ್ಕೊಂಡಿರುತ್ತೆ. ಸರಿ, ಈಗ ಡ್ಯಾನ್ ಆ ರಿಫ್ ಬಿಟ್ಟು ಸೋಲೋಗೆ ಮೇಲಕ್ಕೆ ಹೋದ ಅಂತಿಟ್ಕೊಳ್ಳಿ. ಕೆಳಗೆ ಏನೂ ಇಲ್ಲ! ಬರೀ ಡ್ರಮ್ಸು. ಹಾಡಿನ ನೆಲಾನೇ ಹೋಗಿರುತ್ತೆ. ಮತ್ತೆ ಕೆಳಗೆ ಬಂದು ರಿಫ್ ಹಿಡಿದಾಗ ಎದೆಗೆ ಗುದ್ದುತ್ತಲ್ಲ, ಆ ಗುದ್ದು ಬರೋದು ಆ ಖಾಲಿ ಜಾಗದಿಂದ. ವಾಲ್ಯೂಮ್‌ನಿಂದ ಅಲ್ಲ. ‘ಥಿಕ್‌ಫ್ರೀಕ್‌ನೆಸ್’ ಹೆಡ್‌ಫೋನಲ್ಲಿ ಹಾಕಿ, ಯಾವ ಹಾಡಾದ್ರೂ ಸರಿ, ಸೋಲೋ ಬಂದಾಗ ಗಿಟಾರ್ ಬಿಟ್ಟು ಅದರ ಕೆಳಗೇನಿದೆ ಅಂತ ಮಾತ್ರ ಕೇಳಿ.

ಇನ್ನೊಂದು ಕಾರ್ನಿ. ಅವ್ನು ಕಲಿತ ಡ್ರಮ್ಮರ್ ಅಲ್ಲ, ತನಗೆ ತಾನೇ ಬಾರಿಸ್ಕೊಂಡು ಬಂದೋನು. ಹಳೇ ರೆಕಾರ್ಡುಗಳಲ್ಲಿ ಫಿಲ್ (ಸಾಲುಗಳ ಮಧ್ಯೆ ತುಂಬೋ ಡ್ರಮ್ ತುಣುಕು) ಬಂದಾಗ ಸ್ವಲ್ಪ ಮುಂದೆ ಓಡ್ತಾನೆ, ವರ್ಸ್‌ಗೆ ಬಂದಾಗ ಹಿಂದಕ್ಕೆ ಕೂರ್ತಾನೆ, ಡ್ಯಾನ್ ಅವ್ನನ್ನ ಹಿಡಿಯಕ್ಕೆ ಹೋಗ್ತಾನೆ, ಇಬ್ರೂ ಒಂದು ಹಗ್ಗದ ಎರಡು ತುದಿ ಹಿಡಿದು ಎಳೆದಾಡಿದಂಗೆ. ಕ್ಲಿಕ್ ಟ್ರ್ಯಾಕ್ (ಲಯಕ್ಕೆ ಟಿಕ್ ಟಿಕ್ ಅನ್ನೋ ದನಿ) ಹಾಕಿ ಅಳೆದ್ರೆ ಎಲ್ಲಾ ತಪ್ಪೇ. ಆ ತಪ್ಪಲ್ಲೇ ಮಜಾ ಇರೋದು. ನನ್ ಹೆಸರು ನೋಡಿದ್ರೆ ಗೊತ್ತಾಗ್ಬೇಕು ನಾನ್ಯಾವ ಪಾರ್ಟಿ ಅಂತ 😄

ಹೊಸ ಆಲ್ಬಮ್‌ನಲ್ಲಿ ಕೀಬೋರ್ಡಿದೆ, ಬೇಸ್ ಇದೆ, ಹಿಮ್ಮೇಳದ ದನಿಗಳಿವೆ. ಒಂದೊಂದನ್ನೇ ತಗೊಂಡು ಕೇಳಿದ್ರೆ ಎಲ್ಲಾ ಚೆನ್ನಾಗೇ ಇದೆ, ನಿಜ. ಆದ್ರೆ ಆ ಖಾಲಿ ಜಾಗ ಪೂರ್ತಿ ಮುಚ್ಚಿಹೋಗಿದೆ. ಗಿಟಾರ್ ಬಂದ್ರೂ ಒಂದೇ ಹೋದ್ರೂ ಒಂದೇ. ‘ಮ್ಯಾನ್ ಆನ್ ಎ ಮಿಷನ್’ ಒಂದ್ರಲ್ಲಿ ಆ ಹಳೇ ರಿಫ್ ಹುಮ್ಮಸ್ಸು ಸ್ವಲ್ಪ ಕಾಣುತ್ತೆ, ಅದಕ್ಕೇ ಹಳೇ ಫ್ಯಾನ್ಸ್ ಎಲ್ಲಾ ಆ ಒಂದು ಹಾಡಿಗೆ ಜೋತು ಬಿದ್ದಿರೋದು.

ವಿಮರ್ಶಕರು ‘ಸೇಫ್’ ಅಂತ ಬರೆದು ಬಿಟ್ಬಿಡ್ತಾರೆ. ಏನು ಸೇಫು, ಯಾಕೆ ಸೇಫು ಅಂತ ಒಂದು ಸಾಲು ಬರೆದಿದ್ರೆ ಇಷ್ಟು ಜಗಳ ಇರ್ತಿರ್ಲಿಲ್ಲ ಅನ್ಸುತ್ತೆ.

ಸಂಜೆರೇಡಿಯೋ

ಲಯದೋಷ ಸರ್, ಥ್ಯಾಂಕ್ಸ್! ನೀವ್ ಹೇಳ್ದಂಗೆ ಕೆಳಗೇನಿದೆ ಅಂತ ಕಿವಿಗೊಟ್ಟು ಕೇಳ್ದೆ. ಅರ್ಥ ಆಯ್ತು, ಸೋಲೋ ಟೈಮಲ್ಲಿ ಸಿಂಬಲ್ ಗಲಾಟೆ ಬಿಟ್ರೆ ಬೇರೇನೂ ಇಲ್ಲ. ಆದ್ರೂ ಒಂದು ಮಾತು. ‘ಎಲ್ ಕಮಿನೋ’ದಲ್ಲೂ ಬೇಸ್ ಇದೆ, ಕೀಬೋರ್ಡ್ ಇದೆ, ಅದನ್ನ ಯಾರೂ ಬೈಯಲ್ವಲ್ಲ? ಅದಕ್ಕೆ ಗ್ರ್ಯಾಮಿ ಬೇರೆ ಬಂತು.

ಪಕ್ಕದಟಿಪ್ಪಣಿ

ಸಂಜೆರೇಡಿಯೋ ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ನಾನು ಇದನ್ನೇ ಬರೆಯೋಣ ಅಂತಿದ್ದೆ.

ಹೊರಗಿನೋರನ್ನ ಕರೆಸಿ ಹಾಡು ಬರೆಸಿದ್ರು ಅನ್ನೋ ದೂರು ನಂಗೆ ಪೂರ್ತಿ ಒಪ್ಪಿಗೆ ಆಗಲ್ಲ. ‘ಎಲ್ ಕಮಿನೋ’ 2011ರದ್ದು, ಅದರಲ್ಲಿ ಪ್ರತಿ ಹಾಡಿಗೂ ಡೇಂಜರ್ ಮೌಸ್ ಹೆಸರು ಬರಹಗಾರರ ಸಾಲಲ್ಲೇ ಇದೆ, ಬರೀ ಪ್ರೊಡ್ಯೂಸರ್ ಅಲ್ಲ. ಅದು 2013ರಲ್ಲಿ ಬೆಸ್ಟ್ ರಾಕ್ ಆಲ್ಬಮ್ ಗ್ರ್ಯಾಮಿ ತಗೊಂಡ್ತು. ಅದಕ್ಕೂ ಹಿಂದೆ 2008ರ ‘ಅಟ್ಯಾಕ್ ಅಂಡ್ ರಿಲೀಸ್’, ಅದೂ ಡೇಂಜರ್ ಮೌಸ್ ಕೈಲೇ ಆಗಿದ್ದು, ಹಿರಿಯ ಸಂಗೀತಗಾರ ಐಕ್ ಟರ್ನರ್‌ಗೆ ಅಂತ ಬರೆಯಕ್ಕೆ ಶುರು ಮಾಡಿದ ಹಾಡುಗಳು, 2007ರ ಡಿಸೆಂಬರ್‌ನಲ್ಲಿ ಅವ್ರು ತೀರ್ಕೊಂಡ್ರು, ಹಾಡುಗಳು ಇವ್ರ ಆಲ್ಬಮ್ ಆಯ್ತು. ಆವಾಗ್ಲೂ ನೆಲಮಾಳಿಗೆ ಬಿಟ್ಟು ಸ್ಟುಡಿಯೋಗೆ ಹೋದ್ರು ಅಂತ ಗೊಣಗಿದೋರು ಇದ್ರು. 2010ರ ‘ಬ್ರದರ್ಸ್’ನ ಹೆಚ್ಚಿನ ಭಾಗ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮಾಡಿದ್ರು, ಗ್ರ್ಯಾಮಿ ಸಿಕ್ಕಿದ್ದು ಬ್ಲೂಸ್‌ನಲ್ಲೂ ಅಲ್ಲ, ರಾಕ್ ಆಲ್ಬಮ್‌ನಲ್ಲೂ ಅಲ್ಲ, ಆಲ್ಟರ್‌ನೇಟಿವ್ ವಿಭಾಗದಲ್ಲಿ. ಅಂದ್ರೆ ಇವ್ರನ್ನ ಯಾವ ಡಬ್ಬೀಲಿ ಹಾಕ್ಬೇಕು ಅನ್ನೋ ಗೊಂದಲ ಹೊಸದಲ್ಲ.

ನಂಗೆ ತಮಾಷೆ ಅನ್ಸೋದು ‘ಟರ್ನ್ ಬ್ಲೂ’ ಕತೆ. 2014ರಲ್ಲಿ ಬಂತು, ಬಿಲ್‌ಬೋರ್ಡ್‌ನಲ್ಲಿ ಇವ್ರ ಮೊದಲ ನಂಬರ್ ಒನ್ನು. ಆವಾಗ ಇದೇ ಜನ ‘ಇದೇನು ಸೈಕೆಡೆಲಿಕ್ ತೇಲಾಟ, ರಿಫ್ಫೆಲ್ಲಿ’ ಅಂತ ಬೈದಿದ್ರು. ಈಗ ನೋಡಿ, ಫ್ಯಾನ್ಸ್ ಲಿಸ್ಟ್ ಹಾಕಿದ್ರೆ ಅದು ಮೇಲಿನ ಸಾಲಲ್ಲೇ ಇರುತ್ತೆ, ಮೊದಲನೇ ಹಾಡಿನ ಉದ್ದನೇ ಗಿಟಾರ್ ಸೋಲೋನ ದೇವ್ರ ತರ ಪೂಜೆ ಮಾಡ್ತಾರೆ. ಕೇಳುಗರ ಮೊದಲ ವಾರದ ತೀರ್ಪು ಅನ್ನೋದು ಆಲ್ಬಮ್ ಬಗ್ಗೆ ಇರಲ್ಲ, ಹಿಂದಿನ ಆಲ್ಬಮ್ ಬಗ್ಗೆ ಇರುತ್ತೆ.

ಇನ್ನು ಸ್ಕೋರ್ ವಿಷಯ. ವಿಮರ್ಶೆಗಳ ಅಂಕ ಒಟ್ಟು ಮಾಡೋ ಮೆಟಾಕ್ರಿಟಿಕ್ ವೆಬ್‌ಸೈಟ್‌ನ ನಂಬರ್ ಹಿಡ್ಕೊಂಡು ಜಗಳ ಆಡೋರು ಅದು ಹೆಂಗೆ ಬರುತ್ತೆ ಅಂತ ನೋಡಲ್ಲ. ಬೇರೆ ಬೇರೆ ಪತ್ರಿಕೆಗಳ ಸ್ಟಾರು, ಗ್ರೇಡು ಎಲ್ಲಾನೂ ನೂರಕ್ಕೆ ತಿರುಗಿಸ್ತಾರೆ, ಕೆಲವು ಪತ್ರಿಕೆಗೆ ಜಾಸ್ತಿ ತೂಕ ಕೊಟ್ಟು ಸರಾಸರಿ ತೆಗೀತಾರೆ, ಯಾವುದಕ್ಕೆ ಎಷ್ಟು ತೂಕ ಅಂತ ಬಿಟ್ಟುಕೊಡಲ್ಲ. ಮ್ಯೂಸಿಕ್‌ಗೆ 61ರಿಂದ 80ರವರೆಗೆ ಬಂದ್ರೆ ‘ಬಹುತೇಕ ಒಳ್ಳೇ ಅಭಿಪ್ರಾಯ’ ಅನ್ನೋ ಲೇಬಲ್. ಈಗ ಹತ್ತು ಜನಾನೂ ‘ಪರ್ವಾಗಿಲ್ಲ’ ಅಂತ ಬರೆದ್ರೂ ಅದೇ ನಂಬರು, ಐದು ಜನ ಹುಚ್ಚೆದ್ದು ಹೊಗಳಿ ಐದು ಜನ ಉಗಿದ್ರೂ ಹತ್ತಿರ ಹತ್ತಿರ ಅದೇ ನಂಬರು. ಎರಡೂ ಬೇರೆ ಬೇರೆ ಆಲ್ಬಮ್ ಅಲ್ವಾ? ಕೇಳುಗರ ಸ್ಕೋರಂತೂ ಇನ್ನೂ ಮೋಸ. ಸುಮಾರಾಗಿದೆ ಅನ್ನಿಸಿದೋನು ಲಾಗಿನ್ ಆಗಿ ಓಟ್ ಹಾಕಕ್ಕೆ ಬರಲ್ಲ. ಕೋಪ ಬಂದೋನು ಬರ್ತಾನೆ, ಪ್ರೀತಿ ಉಕ್ಕಿದೋನು ಬರ್ತಾನೆ. ಅದಕ್ಕೇ ನಿಮ್ಗೆ ಕಾಮೆಂಟ್‌ನಲ್ಲಿ ‘ಸತ್ತೋಯ್ತು’, ‘ಬೆಸ್ಟು’ ಎರಡೇ ಕಂಡಿದ್ದು.

ನನ್ ಅಭಿಪ್ರಾಯ ಕೇಳಿದ್ರೆ, ಒಳ್ಳೇ ಪಾಪ್ ಸೋಲ್ ಆಲ್ಬಮ್ಮು, ಮಧ್ಯದ ಎರಡು ಮೂರು ಹಾಡು ತೆಗೆದ್ರೂ ನಡೀತಿತ್ತು. ಅಷ್ಟೇ.

ಹಳೇಟೇಪು

@ಪಕ್ಕದಟಿಪ್ಪಣಿ ಡೇಂಜರ್ ಮೌಸ್ ಹೆಸರು ತಂದ್ರೆ ನಾನು ಬಾಯಿ ಮುಚ್ಕೋತೀನಿ ಅನ್ಕೊಂಡ್ರಾ, ಇಲ್ಲ ಸ್ವಾಮಿ. ಅವ್ನು ಬಂದು ಇಬ್ರ ಜೊತೆ ಮೂರನೇ ಮೆಂಬರ್ ತರ ಕೂತ. ಸತತ ಕೆಲ್ಸ ಮಾಡಿದ, ಇವ್ರ ರಿಫ್ಫನ್ನ ಹಿಡಿದು ಅದಕ್ಕೆ ಟ್ಯೂನ್ ಕಟ್ಟಿದ. ‘ಎಲ್ ಕಮಿನೋ’ದಲ್ಲಿ ಏನೇ ಅಲಂಕಾರ ಇದ್ರೂ ಹಾಡು ನಿಂತಿರೋದು ರಿಫ್ ಮೇಲೇ. ಈಗಿಂದು ಹಂಗಲ್ಲ, ಒಂದು ಹಾಡಿಗೆ ಒಬ್ಬ ಬರ್ತಾನೆ, ಇನ್ನೊಂದಕ್ಕೆ ಇನ್ನೊಬ್ಬ, ಟ್ಯೂನ್ ಮೊದ್ಲು ಬರುತ್ತೆ, ಗಿಟಾರ್ ಆಮೇಲೆ ಅದರ ಸುತ್ತ ಜಾಗ ಹುಡುಕ್ಕೊಳ್ಳುತ್ತೆ. ಕೇಳಿದ್ರೆ ಗೊತ್ತಾಗುತ್ತೆ.

ಮತ್ತೆ ಇದು ಶುರು ಆಗಿದ್ದು ಈ ಆಲ್ಬಮ್‌ನಿಂದ ಅಲ್ಲ. 2022ರ ‘ಡ್ರಾಪ್‌ಔಟ್ ಬೂಗಿ’ಲಿ ಹೊರಗಿನ ಬರಹಗಾರರು ಬಂದ್ರು, ಬಿಲ್ಲಿ ಗಿಬನ್ಸ್ ಗಿಟಾರ್ ಹಿಡ್ಕೊಂಡು ಬಂದ್ರು, ಅದು ಓಕೆ, ಮಜವಾಗಿತ್ತು. 2024ರ ‘ಓಹಾಯೋ ಪ್ಲೇಯರ್ಸ್’ನಲ್ಲಿ ಬೆಕ್, ನೋಯಲ್ ಗ್ಯಾಲಹರ್, ಡ್ಯಾನ್ ದಿ ಆಟೋಮೇಟರ್, ಜೂಸಿ ಜೆ... ಮದುವೆ ಮನೆ ಆಗೋಯ್ತು. ಹೊಸದ್ರಲ್ಲಿ ಅದು ಪೂರ್ತಿ ರೂಢಿ ಆಗಿದೆ.

ಇದೇ ಬ್ಯಾಂಡು 2021ರಲ್ಲಿ ‘ಡೆಲ್ಟಾ ಕ್ರೀಮ್’ ಮಾಡ್ತು ನೋಡಿ. ಬರ್ನ್‌ಸೈಡ್ ಜೊತೆ ವರ್ಷಗಟ್ಟಲೆ ನುಡಿಸಿದ ಕೆನ್ನಿ ಬ್ರೌನ್, ಕಿಂಬ್ರೋ ಜೊತೆ ಬೇಸ್ ನುಡಿಸಿದ ಎರಿಕ್ ಡೀಟನ್, ಇಬ್ರನ್ನೂ ನ್ಯಾಶ್‌ವಿಲ್‌ನ ತಮ್ಮ ಸ್ಟುಡಿಯೋಗೆ ಕರೆಸಿದ್ರು. ರಿಹರ್ಸಲ್ ಇಲ್ಲ, ಎರಡು ಮಧ್ಯಾಹ್ನ, ಒಟ್ಟು ಹತ್ತು ಗಂಟೆ ಆಸುಪಾಸು, ಆಲ್ಬಮ್ ರೆಡಿ. ಅದ್ರಲ್ಲೂ ಬೇಸ್ ಇದೆ ಲಯದೋಷ ಅವ್ರೇ, ಎರಡನೇ ಗಿಟಾರೂ ಇದೆ, ಆದ್ರೂ ಉಸಿರಾಡುತ್ತೆ. ಅದಕ್ಕೇನಂತೀರಾ?

ಲಯದೋಷ

ಒಳ್ಳೇ ಪ್ರಶ್ನೆ. ಒಂದೇ ರೂಮಲ್ಲಿ ಕೂತು ಒಟ್ಟಿಗೆ ನುಡಿಸಿದಾರೆ ಅನ್ನೋದೇ ಉತ್ತರ ಅನ್ಸುತ್ತೆ ನಂಗೆ. ಒಬ್ರು ಹಿಂದೆ ಬಿದ್ರೆ ಉಳಿದ ಮೂರೂ ಜನ ಹಿಂದೆ ಬೀಳ್ತಾರೆ. ಕೆನ್ನಿ ಬ್ರೌನ್ ಸ್ಲೈಡ್ ಗಿಟಾರ್ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸೋದು) ಎತ್ತಿದಾಗ ಡ್ಯಾನ್ ತಗ್ಗುತ್ತಾನೆ, ಅದನ್ನ ಯಾರೂ ಹೇಳಿಕೊಟ್ಟಿಲ್ಲ. ಒಂದೊಂದೇ ಪದರ ಕೂರಿಸ್ತಾ ಹೋಗೋ ರೆಕಾರ್ಡಿಂಗ್‌ನಲ್ಲಿ ಹಿಂಗಾಗಲ್ಲ. ಡ್ರಮ್ಸ್ ಮೊದ್ಲೇ ಆಗಿಹೋಗಿರುತ್ತೆ, ಆಮೇಲೆ ಬಂದೋರು ಯಾರೂ ಅದನ್ನ ಎಳೆಯಕ್ಕಾಗಲ್ಲ. ಹಂಗಾಗಿ ನಾನು ಬೇಸ್ ಬಂತು ಅಂತ ದೂರಿದ್ದು ಅರ್ಧ ಮಾತು, ಯಾವಾಗ ಬಂತು ಅನ್ನೋದೂ ಸೇರಿಸ್ಕೊಳ್ಳಿ.

ಕಪ್ಪುಕಡ್ಡಿ

ನಾನು ಬ್ಲೂಸ್ ಪಂಡಿತ ಅಲ್ಲ, ಗಾಡಿ ಓಡಿಸ್ತಾ ಕೇಳೋನು. ಟೈಟಲ್ ಹಾಡು ಸೂಪರ್, ‘ಬೇಬಿಗರ್ಲ್’ ಸೂಪರ್, ಉಳಿದಿದ್ದು ಒಂದ್ರೊಳಗೊಂದು ಕಲಸಿಹೋಗುತ್ತೆ, ಯಾವುದು ಮುಗೀತು ಯಾವುದು ಶುರುವಾಯ್ತು ಗೊತ್ತಾಗಲ್ಲ. ಸಾಹಿತ್ಯ ತೀರಾ ಸಪ್ಪೆ, ಅದನ್ನ ಯಾರೂ ಹೇಳ್ತಿಲ್ಲ ಯಾಕೆ? ಬ್ರೇಕಪ್ಪು, ಮಳೆ, ಬೆಳಕು, ರಾತ್ರಿ, ರಿಪೀಟು.

ಪಕ್ಕದಟಿಪ್ಪಣಿ

@ಕಪ್ಪುಕಡ್ಡಿ ಸಾಹಿತ್ಯದ ವಿಷ್ಯ ಒಪ್ತೀನಿ. ಅದನ್ನ ಎಷ್ಟೋ ವಿಮರ್ಶೆಗಳು ಬೇರೆ ರೀತಿ ಓದಿವೆ ಆದ್ರೆ. 2024ರ ಮೇನಲ್ಲಿ ಇವ್ರ ಅಮೆರಿಕದ ಅರೀನಾ ಟೂರ್ ಪೂರ್ತಿ ಕ್ಯಾನ್ಸಲ್ ಆಯ್ತಲ್ಲ, ಅದಾದ್ಮೇಲೆ ಮ್ಯಾನೇಜರ್‌ಗಳನ್ನೂ ಬದಲಾಯಿಸಿದ್ರು. ಆ ಏಟು ತಿಂದಾದ್ಮೇಲೆ ಬಂದ ಆಲ್ಬಮ್ಮಿದು, ಮಳೆ ಬೆಳಕು ಎಲ್ಲಾ ಅದಕ್ಕೇ ಅಂತ. ಹಿನ್ನೆಲೆ ಗೊತ್ತಿದ್ರೆ ಟೈಟಲ್ ಹಾಡು ಸ್ವಲ್ಪ ತೂಕ ಪಡ್ಕೊಳ್ಳುತ್ತೆ, ಗೊತ್ತಿಲ್ದಿದ್ರೆ ಶುಭಾಶಯ ಪತ್ರದ ಸಾಲು. ಹಿನ್ನೆಲೆ ಗೊತ್ತಿದ್ರೆ ಮಾತ್ರ ನಿಲ್ಲೋ ಸಾಲನ್ನ ಒಳ್ಳೇ ಸಾಲು ಅನ್ನಕ್ಕೆ ನಂಗೆ ಮನಸ್ಸಿಲ್ಲ.

ತಂತಿಜಾಡು

ಎಲ್ಲಾ ಓದ್ದೆ, ಯಾರೂ ಜ್ಯಾಕ್ ವೈಟ್ ಹೆಸರು ಎತ್ತಿಲ್ಲ ಅನ್ನೋದೇ ಆಶ್ಚರ್ಯ! ಗಿಟಾರ್ ಡ್ರಮ್ಸ್ ಜೋಡಿ ಅಂದಾಗ ಅವ್ನ ಹಳೇ ಬ್ಯಾಂಡ್ ವೈಟ್ ಸ್ಟ್ರೈಪ್ಸ್ ಬಿಟ್ಟು ಮಾತಾಡಕ್ಕಾಗುತ್ತಾ.

ಈ ಆಲ್ಬಮ್‌ಗೆ ಬಂದ ಪ್ರತಿಕ್ರಿಯೆ ಅರ್ಥ ಆಗ್ಬೇಕು ಅಂದ್ರೆ ಹಿಂದಿನ ವರ್ಷ ಏನಾಯ್ತು ನೋಡ್ಬೇಕು. 2024ರ ಜುಲೈನಲ್ಲಿ ಜ್ಯಾಕ್ ವೈಟ್‌ನ ಥರ್ಡ್ ಮ್ಯಾನ್ ರೆಕಾರ್ಡ್ಸ್ ಅಂಗಡಿಗಳಲ್ಲಿ, ಡೆಟ್ರಾಯಿಟ್, ನ್ಯಾಶ್‌ವಿಲ್, ಲಂಡನ್, ರೆಕಾರ್ಡ್ ತಗೊಂಡೋರ ಚೀಲಕ್ಕೆ ಒಂದು ಬಿಳೀ ಕವರಿನ ಎಲ್‌ಪಿ ಸುಮ್ನೆ ಹಾಕಿ ಕಳಿಸಿದ್ರು. ಮೇಲೆ ಹೆಸರಿಲ್ಲ, ಹಾಡಿನ ಪಟ್ಟಿ ಇಲ್ಲ. ಮನೆಗೆ ಹೋಗಿ ಹಾಕಿದ್ರೆ ಪೂರ್ತಿ ಹೊಸ ಆಲ್ಬಮ್ಮು, ಒರಟು ಬ್ಲೂಸ್ ರಾಕ್. ಜನಾನೇ ಅದನ್ನ ಹಂಚಾಡಿದ್ರು, ಆಗಸ್ಟ್‌ನಲ್ಲಿ ‘ನೋ ನೇಮ್’ ಅಂತ ಅಧಿಕೃತವಾಗಿ ಬಂತು. ವಿಮರ್ಶಕರೂ ಖುಷಿ, ಫ್ಯಾನ್ಸೂ ಖುಷಿ. ಅದಾಗಿ ವರ್ಷಕ್ಕೆ ಬ್ಲ್ಯಾಕ್ ಕೀಸ್ ಕೀಬೋರ್ಡು, ಪಾಪ್ ಬರಹಗಾರರು ಎಲ್ಲಾ ಸೇರಿಸ್ಕೊಂಡು ಬಂದ್ರೆ ಹೋಲಿಕೆ ಮಾಡದೆ ಬಿಡ್ತಾರಾ? ಎಷ್ಟೋ ಜನರ ಕೋಪದಲ್ಲಿ ‘ಅವ್ನು ವಾಪಸ್ ಬಂದ, ಇವ್ರು ಯಾಕೆ ಬರ್ಲಿಲ್ಲ’ ಅನ್ನೋದೇ ಇದೆ.

ಆದ್ರೆ ಇದೇ ಜ್ಯಾಕ್ ವೈಟ್ 2018ರಲ್ಲಿ ‘ಬೋರ್ಡಿಂಗ್ ಹೌಸ್ ರೀಚ್’ ಅಂತ ಒಂದು ವಿಚಿತ್ರ ಆಲ್ಬಮ್ ತಂದಿದ್ದ, ಸಿಂಥಸೈಸರ್, ಮಾತು, ಏನೇನೋ. ಚಾರ್ಟಲ್ಲಿ ನಂಬರ್ ಒನ್ ಆಯ್ತು, ಕೇಳಿದೋರು ಎರಡು ಗುಂಪಾದ್ರು. ನಂಗಿಷ್ಟ ಅದು. ಅದರಲ್ಲಿ ಹಾಳಾಗೋ ಧೈರ್ಯ ಇತ್ತು. ನಂಗೆ ‘ನೋ ರೈನ್, ನೋ ಫ್ಲವರ್ಸ್’ ಮೇಲೆ ಇರೋ ತಕರಾರು ಇದೇ, ಹಳೇದಕ್ಕೆ ಹೋಗ್ಲಿಲ್ಲ ಅಂತಲ್ಲ, ಹೊಸದಕ್ಕೂ ಪೂರ್ತಿ ಹೋಗ್ಲಿಲ್ಲ ಅಂತ. ರಾಯಲ್ ಬ್ಲಡ್ ನೋಡಿ, ಬೇಸ್ ಮತ್ತೆ ಡ್ರಮ್ಸ್ ಜೋಡಿ, 2021ರ ‘ಟೈಫೂನ್ಸ್’ನಲ್ಲಿ ಡಾನ್ಸ್ ಕಡೆ ತಿರುಗಿದ್ರು, ಮಧ್ಯದಲ್ಲಿ ನಿಲ್ಲಲಿಲ್ಲ, ಪೂರ್ತಿ ಹೋದ್ರು. ಇಷ್ಟ ಆಗುತ್ತೋ ಬಿಡುತ್ತೋ, ಏನ್ ಮಾಡಕ್ಕೆ ಹೊರಟಿದಾರೆ ಅಂತ ಗೊತ್ತಾಗುತ್ತೆ. ಸ್ಕಾಟ್ ಸ್ಟಾರ್ಚ್ ಅಂತೋನನ್ನ ಸ್ಟುಡಿಯೋಲಿ ಕೂರಿಸ್ಕೊಂಡು ಅವ್ನ ಪಿಯಾನೋ ಎಷ್ಟು ಮೆತ್ತಗೆ ಇಟ್ಟಿದಾರೆ! ಆ ಮನುಷ್ಯನ ಎರಡು ಕಾರ್ಡಿಗೆ ಒಂದು ಹಾಡು ಪೂರ್ತಿ ನಿಲ್ಲೋ ಶಕ್ತಿ ಇದೆ. ಹೆಂಗೂ ಕಿಂಬ್ರೋದು ಒಂದೇ ಕಾರ್ಡ್ ಅಲ್ವಾ, ಹಿಪ್‌ಹಾಪ್‌ನೋನೂ ಒಂದೇ ಲೂಪ್ ಹಿಡ್ಕೊಂಡು ಸುತ್ತೋನೇ. ಇಬ್ರೂ ಸೇರೋ ಜಾಗ ಅಲ್ಲೇ ಇತ್ತು. ಅದನ್ನ ಬಿಟ್ಟು ಕೋರಸ್ ಹಿಂದೆ ಹೋದ್ರು.

ಹಳೇಟೇಪು

ತಂತಿಜಾಡು, ಇದನ್ನ ನಾನು ಯೋಚ್ನೆನೇ ಮಾಡಿರ್ಲಿಲ್ಲ. ಲೂಪು, ಡ್ರೋನು (ಕಿಂಬ್ರೋ ಶ್ರುತಿ ತರ ಹಿಡ್ಕೊಳ್ಳೋ ಆ ತಂತಿ) ಎರಡೂ ಒಂದೇ ಮನೆ ಮಕ್ಕಳು. ನಿಜ. ಆ ತರ ಒಂದು ಆಲ್ಬಮ್ ಬಂದಿದ್ರೆ ಮೊದಲ ಸಾಲಲ್ಲಿ ನಿಂತು ತಗೋತಿದ್ದೆ. ನೋವೆಲ್ಸ್ ಬಗ್ಗೆ ಮಾತ್ರ ನನ್ ಮಾತು ಬದಲಾಯಿಸಲ್ಲ.

ಪಕ್ಕದಟಿಪ್ಪಣಿ

ನೋವೆಲ್ಸ್ ಮತ್ತೆ ಡ್ಯಾನ್ ಸೇರಿದ್ದು ಇದೇ ಮೊದಲಲ್ಲ ಅನ್ನೋದಾದ್ರೂ ನೆನಪಿರ್ಲಿ. ಗಾಯಕಿ ಲಾನಾ ಡೆಲ್ ರೇಯ 2014ರ ‘ಅಲ್ಟ್ರಾವಯೊಲೆನ್ಸ್’ನ ಬಹುಪಾಲು ಪ್ರೊಡ್ಯೂಸ್ ಮಾಡಿದ್ದು ಡ್ಯಾನ್, ಅದರ ಮೊದಲ ಸಿಂಗಲ್ ಬರೆದಿದ್ದು ಲಾನಾ ಜೊತೆ ನೋವೆಲ್ಸು. ಅದನ್ನ ಕೇಳಿ, ಫಜ್ಜೂ ಇದೆ, ಟ್ಯೂನೂ ಇದೆ, ಮಧ್ಯದಲ್ಲಿ ಲಯ ನಿಧಾನ ಆಗೋ ಜಾಗ ಇದ್ಯಲ್ಲ, ಲಯದೋಷ ಅವ್ರಿಗಂತೂ ಹಬ್ಬ. ಹಂಗಾಗಿ ಬರಹಗಾರ ಪಾಪಿನೋನು ಅನ್ನೋದೇ ಕಾರಣ ಆಗಲ್ಲ.

ಸಂಜೆರೇಡಿಯೋ

ಅಬ್ಬಾ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲಾ ಬಂತು, ಎಲ್ರಿಗೂ ಥ್ಯಾಂಕ್ಸ್. ನಂಗೆ ಈಗ್ಲೂ ಆಲ್ಬಮ್ ಇಷ್ಟಾನೇ, ಅದೇನು ಬದಲಾಗಿಲ್ಲ. ‘ಡೆಲ್ಟಾ ಕ್ರೀಮ್’ ನಿನ್ನೆ ರಾತ್ರಿ ಪೂರ್ತಿ ಕೇಳ್ದೆ, ಮೊದಲ ಹಾಡಿನಲ್ಲಿ ಯಾವಾಗ ಕಾರ್ಡ್ ಬದಲಾಗುತ್ತೆ ಅಂತ ಕಾದೂ ಕಾದೂ ಕೊನೆಗೆ ಅದನ್ನ ಮರೆತೇಬಿಟ್ಟೆ. ಒಂದು ಡೌಟು, ಲೈವ್‌ನಲ್ಲಿ ಹೊಸ ಹಾಡುಗಳು ಹೆಂಗಿರುತ್ತೆ? ಇಬ್ರೇ ನುಡಿಸ್ತಾರಾ?

ಲಯದೋಷ

ಇಲ್ಲ, ಇಬ್ರೇ ಅಲ್ಲ. ‘ಬ್ರದರ್ಸ್’ ಟೂರ್‌ನಿಂದ್ಲೇ ಸ್ಟೇಜ್ ಮೇಲೆ ಬೇಸು, ಕೀಬೋರ್ಡಿಗೆ ಬೇರೆಯೋರನ್ನ ಕರ್ಕೊಂಡು ಹೋಗ್ತಾರೆ. ಮೊದಮೊದಲು ಹಳೇ ಹಾಡುಗಳಿಗೆ ಮಾತ್ರ ಇಬ್ರೇ ನಿಲ್ಲೋರು. ಹೊಸ ಹಾಡು ಲೈವ್‌ನಲ್ಲಿ ರೆಕಾರ್ಡಿಗಿಂತ ಒರಟಾಗಿ ಬರುತ್ತೆ, ಕಾರ್ನಿ ಸಿಂಬಲ್ ಮೇಲೆ ಕೈ ಜೋರು ಮಾಡ್ತಾನಲ್ಲ ಅದಕ್ಕೆ. ‘ಮ್ಯಾನ್ ಆನ್ ಎ ಮಿಷನ್’ ಲೈವ್ ವಿಡಿಯೋ ಸಿಕ್ಕಿದ್ರೆ ನೋಡಿ, ಆದ್ರೆ ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಕಿಕ್ ಡ್ರಮ್ಮೇ ಕೇಳ್ಸಲ್ಲ.

ಕಪ್ಪುಕಡ್ಡಿ

ಸಾಹಿತ್ಯದ ಬಗ್ಗೆ ನಾನ್ ಕೇಳಿದ್ದಕ್ಕೆ ಪಕ್ಕದಟಿಪ್ಪಣಿ ಬಿಟ್ರೆ ಯಾರೂ ಬಾಯೇ ಬಿಡ್ಲಿಲ್ಲ, ನೋಟ್ ಮಾಡ್ಕೊಂಡಿದೀನಿ.